ಬುದ್ಧಿಯೋರಿಗೆ ಕೊಟ್ಟ ಮಾತು

ಮಠದ ಹಿರಿಯ ಸ್ವಾಮಿಗಳು ಲಿಂಗೈಕ್ಯರಾದ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ಹಿರಿಯೂರು ಬಸ್ ನಿಲ್ದಾಣದಲ್ಲಿ ಹೊಸದುರ್ಗದ ಬಸ್ಸಿಗೆ ಕಾಯುತ್ತಿದ್ದ ವಿಮಲಾಳ ಪಕ್ಕದಲ್ಲೇ ಗಂಡ ಹೆಂಡತಿ ಇಬ್ಬರು ಪಿಸುಗುಟ್ಟುತ್ತಿದ್ದರು.

“ದರ್ಶನಕ್ಕೆ ನಿಮ್ಮಣ್ಣನೂ ಬರ್ತಾನೆ, ದಾಕ್ಷಾಯಿಣಿ.”

“ಬರ್ಲಿ ಬಿಡ್ರಿ. ನಮ್ಮ ತಂಟೆಗೆ ಬರಲ್ಲ ಅಂತ ಬುದ್ಧಿಯೋರ ಪಾದ ಮುಟ್ಟಿ ಮಾತು ಕೊಟ್ಟವ್ನೆ.”

“ಆ ಬುದ್ಧಿಯೋರೇ ಈಗ ಇಲ್ವಲ್ಲೇ.”

“ಜಾತಿ ಬಿಟ್ಟು ಮದ್ವೆ ಆದ್ರು ಅಂತ ಊರೋರು ಕಲ್ಲು ಹಿಡ್ಕಂಡು ಬಂದಾಗ ನಮ್ಮನ್ನ ಮಠದೊಳಗೆ ಕರ್ದು, ತಾವೇ ನಿಂತು ಉಣ್ಣಾಕೆ ಇಕ್ಕಿಸಿದ್ರು. ಅವರಿಗೆ ಒಂದು ಹೂವೂ ಹಾಕ್ದೆ ಇರಾಣೇನು?”

“ಹಾಕಾಣ. ಸೆರಗು ಮುಖಕ್ಕೆ ಎಳ್ಕ.”

“ಎಳ್ಕಳಲ್ಲ. ಮುಖ ಮುಚ್ಕಂಡು ಬರಬ್ಯಾಡ ತಾಯಿ ಅಂದೋರೇ ಅವರು.”

“ಸರಿ, ಚಿತ್ರದುರ್ಗದ ಬಸ್ ಬಂತು. ಹತ್ತು.”

ಇಬ್ಬರೂ ಹತ್ತಿದರು. ಅವರ ಹಿಂದೆ ಹತ್ತಿದ ಒಬ್ಬೊಬ್ಬ ಗಂಡಸಿನ ಮುಖದಲ್ಲೂ ಆಕೆಯ ಹೋಲಿಕೆ ಇದೆಯೇ ಎಂದು ವಿಮಲಾ ಹುಡುಕುತ್ತಿದ್ದಂತೆಯೇ ಬಸ್ಸು ಹೊರಟುಹೋಯಿತು.