ಬೆರಳು ನೆಕ್ಕುವ ರುಚಿ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತವರು ಅಲ್ಲೇ ಕಾಡಂಚಿನ ಮದ್ದೂರು ಕಡೆಯ ಯಾವುದೋ ರೆಸಾರ್ಟಿಗೆ ಕೆಲಸಕ್ಕೆ ಹೊರಟಿದ್ದರು. ಅಡುಗೆಯ ಪುಟ್ಟಸಿದ್ದಮ್ಮ, ಊಟ ಬಡಿಸುವ ಬೃಂದಾ.

“ಆ ಪೋಲೆಂಡ್‌ನೋನು ನನ್ನ ಹುರುಳಿ ಸಾರು ಉಂಡು ಏನಂದ್ನಮ್ಮಿ?”

“‘ಪಾಲ್ಟ್ಸೆ ಲಿಜಾಚ್’ ಅಂದ, ಅಕ್ಕ. ಬೆರಳು ನೆಕ್ಕೋ ರುಚಿ ಅಂತ. ಊಟ ಬಲು ಚೆನ್ನಾಗಿದ್ರೆ ಅವರ ಕಡೆ ಹಂಗನ್ನೋದಂತೆ.”

“ಮ್ಯಾನೇಜರ್ ಮುಂದೆ ಯಾಕಂದ? ಇವತ್ತಿಂದ ರಾತ್ರಿ ಅಡುಗೇನೂ ನೀನೇ ಮಾಡು ಅಂದ್ಬುಟ್ರು. ಕತ್ಲಲ್ಲಿ ರೋಡ್‌ಗಂಟ ಒಬ್ಳೇ ನಡೀಬೇಕು. ಮೊನ್ನೆ ಆನೆ ಒಬ್ಬನ್ನ ತುಳ್ದಿದ್ದು ಅಲ್ಲೇ ಕಣಮ್ಮಿ.”

“ಆಗಲ್ಲ ಅನ್ನಕ್ಕ.”

“ಅಂದ್ರೆ ಇರೋ ಕೆಲ್ಸಾನೂ ಓಯ್ತದೆ. ಆ ಮಾತ ನಂಗೂ ಹೇಳ್ಕೊಡು. ನನ್ ಜೊತೆ ಅಡುಗೆ ಮಾಡೋ ಸಣ್ಣಮ್ಮನ ಪಲ್ಯಕ್ಕೆ ಮ್ಯಾನೇಜರ್ ಮುಂದೆ ಅಂತೀನಿ. ರಾತ್ರಿಗೆ ಅವಳ್ನೇ ಇಟ್ಕಳ್ಳಲಿ.”

“ಅವಳೂ ಅದೇ ದಾರೀಲಿ ಬರ್ಬೇಕಲ್ಲಕ್ಕ?”

ಬಸ್ಸು ಬಂತು. ಪುಟ್ಟಸಿದ್ದಮ್ಮ ಎದ್ದಳು.

“ಪಾಲ್ಟ್ಸೆ... ಆಮೇಲೇನಮ್ಮಿ?” ಎಂದು ಕೇಳುತ್ತಲೇ ಹತ್ತಿದಳು.