ಕಾರ್ನರ್ ಕಿಕ್ಕಿನ ಹೊತ್ತಿಗೆ ಭಾವ ಆಡುವ ಮಾತು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂತಿರುವ ಇಂದಿನ ಸನ್ಮಾನಿತರೇ, ಮತ್ತು ಈ ಭಾಷಣ ಬೇಗ ಮುಗಿಯಲಿ ಎಂದು ಆಶಿಸುತ್ತಿರುವ ಸಭಿಕರೇ,

ನಿವೃತ್ತರಾಗುತ್ತಿರುವ ಫುಟ್‌ಬಾಲ್ ಡಿಫೆಂಡರ್ ಬಗ್ಗೆ ಮಾತನಾಡಲು ನೀವು ಎದುರಾಳಿ ಕ್ಲಬ್ಬಿನ ಫಾರ್ವರ್ಡನನ್ನು ಕರೆದಿದ್ದೀರಿ. ಗೋಲು ಹೊಡೆಯುವುದು ನನ್ನ ಕೆಲಸವಾಗಿತ್ತು, ತಡೆಯುವುದು ಇವರ ಕೆಲಸವಾಗಿತ್ತು. ಇಬ್ಬರಲ್ಲಿ ಯಾರು ಕೆಲಸ ನೆಟ್ಟಗೆ ಮಾಡಿದರು ಎಂದು ಕೇಳಿ ನನ್ನ ಮಾನ ಕಳೆಯಬೇಡಿ.

ಇವರು ಡಿಫೆಂಡರ್ ಆದದ್ದು ಹೇಗೆ ಗೊತ್ತೇ? ಹುಡುಗನಾಗಿದ್ದಾಗ ಅಪ್ಪನ ಗ್ಯಾರೇಜಿನ ಬೂಟು ಹಾಕಿಕೊಂಡು ಮೈದಾನಕ್ಕೆ ಹೋಗುತ್ತಿದ್ದರಂತೆ. ಆ ಬೂಟಿನಲ್ಲಿ ಓಡಲಾಗದು, ಹಿಂದೆ ನಿಲ್ಲು ಎಂದರಂತೆ. ಅಂದು ನಿಂತವರು ಮೊನ್ನೆಯವರೆಗೂ ನಿಂತೇ ಇದ್ದರು. ಅಭಿಮಾನಿಗಳು ಇವರಿಗೆ ‘ಗೋಂದು’ ಎಂದು ಹೆಸರಿಟ್ಟರು. ಅಂಟಿಕೊಂಡರೆ ಬಿಡುತ್ತಿರಲಿಲ್ಲ.

ಆದರೆ ಇವರ ನಿಜವಾದ ಆಯುಧ ಬಾಯಿ. ಅದನ್ನು ಬಲ್ಲವರು ಇವರ ಪಕ್ಕದಲ್ಲಿ ನಿಂತ ನನ್ನಂಥವರು ಮಾತ್ರ. ಕಾರ್ನರ್ ಕಿಕ್ ಬರುವ ಹೊತ್ತಿಗೆ ಹತ್ತಿರ ಬಂದು ಮೆಲ್ಲಗೆ ಮನೆಮಾತು ತೆಗೆಯುತ್ತಿದ್ದರು. "ನಿಮ್ಮಪ್ಪನ ಕಣ್ಣಿನ ಆಪರೇಷನ್ ಏನಾಯ್ತೋ?" ನಾನು ಉತ್ತರ ಕೊಡಲು ತಿರುಗುವಷ್ಟರಲ್ಲಿ ಚೆಂಡು ಇವರ ಹಣೆಗೆ ತಗುಲಿ ದೂರ ಹೋಗಿರುತ್ತಿತ್ತು. ತಮಾಷೆಯೆಂದರೆ, ಇವರು ಸುಳ್ಳು ಹೇಳಿದ್ದೇ ಇಲ್ಲ. ಆಟ ಮುಗಿದ ಮೇಲೆ ಬಂದು ನಿಜವಾಗಿಯೂ ಅಪ್ಪನ ಕಣ್ಣು ವಿಚಾರಿಸುತ್ತಿದ್ದರು. ಒಮ್ಮೆ ಹೀಗೆಯೇ, "ನನ್ ತಂಗಿಗೆ ಗಂಡು ಹುಡುಕ್ತಿದೀವಿ. ಭಾನುವಾರ ಮನೆಗೆ ಬರ್ತೀಯಾ?" ಎಂದರು. ಆ ಗೋಲು ತಪ್ಪಿತು, ಭಾನುವಾರ ತಪ್ಪಲಿಲ್ಲ. ಅಂದಿನಿಂದ ಇವರು ನನಗೆ ಭಾವ. ಪಕ್ಕೆಗೆ ತಿವಿದರೂ, "ಭಾವ, ಸ್ವಲ್ಪ ಮೊಣಕೈ ತೆಗೀತೀರಾ?" ಎಂದು ಬಹುವಚನದಲ್ಲಿ ಕೇಳಬೇಕಾದ ಗತಿ ನನ್ನದಾಯಿತು.

ಮುಂದಿನದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಆದರೂ ಹೇಳುತ್ತೇನೆ.

ನನ್ನ ಕೊನೆಯ ಪಂದ್ಯ. ಇವತ್ತು ಗೋಲು ಹೊಡೆದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಮನೆಗೆ ಎಂದು ನಮ್ಮ ಕ್ಲಬ್ಬಿನವರು ಖಡಾಖಂಡಿತವಾಗಿ ಹೇಳಿದ್ದರು. ಹೆಂಡತಿ ತುಂಬು ಗರ್ಭಿಣಿ. ಭಾವನಿಗೆ ಎಲ್ಲವೂ ಗೊತ್ತಿತ್ತು. ಆಟ ಮುಗಿಯುವ ಹೊತ್ತಿಗೆ ನಮಗೊಂದು ಕಾರ್ನರ್ ಸಿಕ್ಕಿತು. ಭಾವ ಬಂದು ಪಕ್ಕದಲ್ಲಿ ನಿಂತರು. ಮಾತಿಲ್ಲ. ಈಗ ಏನೋ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನನ್ನ ಕಿವಿಯೆಲ್ಲ ಅವರ ಕಡೆ. ಚೆಂಡು ಬಂತು. ಅವರು ಎಗರಿದರು. ನಾನು ನೆಲದಲ್ಲೇ ಉಳಿದೆ.

ಆಟ ಮುಗಿದ ಮೇಲೆ ಭಾವ ಡ್ರೆಸ್ಸಿಂಗ್ ರೂಮಿನ ಹೊರಗಿನ ಬೆಂಚಿನ ಮೇಲೆ ಕೂತು ಕಾಲಿನ ಪಟ್ಟಿ ಬಿಚ್ಚುತ್ತಿದ್ದರು. ತುಟಿ ಒಡೆದು ರಕ್ತ ಬಂದಿತ್ತು. ನನ್ನ ಮೊಣಕೈ ತಾಗಿರಬೇಕು ಎಂದುಕೊಂಡೆ. "ಇವತ್ತು ಯಾಕೆ ಭಾವ ಮಾತಾಡ್ಲಿಲ್ಲ?" ಎಂದು ಸಿಟ್ಟಿನಲ್ಲೇ ಕೇಳಿದೆ.

ತಲೆ ಎತ್ತದೆ ಹೇಳಿದರು: "ಬಾಯಿ ಬಿಟ್ಟಿದ್ರೆ, ನೀನೇ ಹೊಡಿ ಅಂದ್ಬಿಡ್ತಿದ್ದೆ ಕಣೋ. ತುಟಿ ಕಚ್ಕೊಂಡು ನಿಂತಿದ್ದೆ." ಆಮೇಲೆ, "ಇದನ್ನ ಯಾರಿಗೂ ಹೇಳ್ಬೇಡ, ತಂಗಿಗೂ ಹೇಳ್ಬೇಡ. ನಮ್ ಕ್ಲಬ್ಬಿನವರ ಕಿವಿಗೆ ಬಿದ್ರೆ ನನ್ನ ಇನ್ಯಾವತ್ತೂ ನಂಬಲ್ಲ," ಎಂದರು.

ನಾನು ಹೇಳಲಿಲ್ಲ. ಗಂಡನ ಕೆಲಸ ಕಳೆದ ಅಣ್ಣನ ಜೊತೆ ನನ್ನ ಹೆಂಡತಿ ಅಂದೇ ಮಾತು ಬಿಟ್ಟಳು. ಭಾವ ಭಾನುವಾರಗಳಲ್ಲಿ ಬಂದು ಮಗುವನ್ನು ಆಡಿಸಿ, ತಂಗಿ ತಂದಿಟ್ಟ ಕಾಫಿಯನ್ನು ಕುಡಿದು ಹೋಗುತ್ತಿದ್ದರು. ನಾನು ಈಗ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ, ಸುಖವಾಗಿದ್ದೇನೆ. ಇವರಷ್ಟು ನಿಯತ್ತಿನ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಇವರ ಭಾವಮೈದುನ ಎನಿಸಿಕೊಳ್ಳಲು ನನಗೆ ಹೆಮ್ಮೆ.

ಭಾವ, ಕ್ಷಮಿಸಿ. ನಿಮ್ಮ ಆಟ ಇಂದಿಗೆ ಮುಗಿಯಿತು, ಅದಕ್ಕೇ ಹೇಳಿಬಿಟ್ಟೆ. ನಾನು ಬಲವಂತ ಮಾಡಿ ಕರೆತಂದು ಕೊನೆಯ ಸಾಲಿನಲ್ಲಿ ಕೂರಿಸಿದ್ದ ಒಬ್ಬಳು ಈಗ ಎದ್ದು ವೇದಿಕೆಯ ಕಡೆಗೇ ಬರುತ್ತಿದ್ದಾಳೆ. ಸಭಿಕರೇ, ದಯವಿಟ್ಟು ದಾರಿ ಬಿಡಿ. ಭಾವ, ಆ ಹೂಗುಚ್ಛ ಕೆಳಗಿಡಿ, ಈ ಸಲವಾದರೂ ಬಾಯಿ ಬಿಡಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.