ನಾಯಿಗೆ ಹಾಕಿದ ನೀರುಗುಳ್ಳೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ಇದು ನನ್ನ ತಮ್ಮನ ನಂಬರ್ ಅಲ್ವಾ?

...ಓ, ನೀನೇನಮ್ಮಾ! ಅವನ ಫೋನು ನಿನ್ನ ಕೈಗೆ ಹೇಗೆ ಬಂತು? ಹೆಂಡ್ತಿಗೂ ಮುಟ್ಟೋಕೆ ಬಿಡದೋನು ಅವನು... ಹಾಂ, ನಾನೇ, ನಿನ್ನ ಗಂಡನ ಅಕ್ಕ. ಆಸ್ಪತ್ರೆಯಿಂದಾನೇ ಮಾಡ್ತಿರೋದು.

...ಇಲ್ಲ, ಮಗಳ ಆಪರೇಷನ್ ಇವತ್ತಲ್ಲ, ನಾಳೆ ಬೆಳಿಗ್ಗೆ. ಗುಬ್ಬಿ ಒಳಗೆ ಮಂಚದ ಮೇಲೆ ಕೂತಿದಾಳೆ. ಅವಳ ಕಿವಿಗೆ ಬೀಳಬಾರದು ಅಂತ ನಾನು ವಾರ್ಡಿನ ಹೊರಗೆ ಬಂದಿದೀನಿ. ಅವನಿಗೆ ಕೊಡು ಸ್ವಲ್ಪ.

...ಸ್ನಾನಕ್ಕೆ ಹೋಗಿದಾನಾ? ಈ ಮಧ್ಯಾಹ್ನದ ಹೊತ್ತಲ್ಲಿ? ಅದೆಂಥ ಸ್ನಾನಾನಮ್ಮಾ, ಟೀವಿ ಮುಂದೆ ಕೂತು ಮಾಡೋದು? ಈಗ ತಾನೇ ಕೆಮ್ಮಿದ್ದು ಕೇಳಿಸ್ತಲ್ಲ. ಆ ಕೆಮ್ಮು ನಂಗೆ ಅವನು ಚಡ್ಡಿ ಹಾಕ್ತಿದ್ದಾಗಿಂದ ಗೊತ್ತು. ಏನಾದ್ರೂ ಮಾಡಬಾರದ್ದು ಮಾಡಿದ್ರೆ ಮೊದ್ಲು ಕೆಮ್ತಾನೆ. ನಿನ್ನ ಮೇಲೆ ನಂಗೇನೂ ಕೋಪ ಇಲ್ಲ, ಪಾಪ, ನೀನು ಹೇಳಿಸಿದ್ದು ಹೇಳ್ತಿದೀಯ. ಕೊಡು ಅವನಿಗೆ.

...ಹಾಂ, ಬಂದ್ಯಾ? ...ಊಟ ಆಯ್ತು. ...ಭಾವಂದೂ ಆಯ್ತು. ಅದೆಲ್ಲ ಇರ್ಲಿ. ಒಂದು ಮಾತು ಕೇಳ್ತೀನಿ, ನೆಟ್ಟಗೆ ಹೇಳು. ನಮ್ಮ ಮಟನ್ ಅಂಗಡೀಲಿ ಕುರಿ ಕೊಯ್ದಾಗ ಗುಳ್ಳೆ ಎದ್ದಿರೋ ಲಿವರ್ ಸಿಕ್ರೆ ಬೇರೆ ಬಕೆಟ್ಟಿಗೆ ಹಾಕಿ ನಿನ್ನ ಕೈಗೆ ಕೊಡ್ತಿದ್ದೆ ಅಲ್ವಾ? ಅದನ್ನೆಲ್ಲ ಏನ್ಮಾಡ್ತಿದ್ದೆ?

...ಹೂಳ್ತಿದ್ದೆ. ಸರಿ. ಎಲ್ಲಿ?

...ಅಂಗಡಿ ಹಿಂದೆ ಗುಂಡಿ ತೋಡಿ, ಸುಣ್ಣ ಸುರಿದು. ಸರಿ. ಪ್ರತಿ ಸಲಾನೂ?

...ಆಣೆ ಹಾಕ್ಬೇಡ. ಆಣೆ ಯಾರು ಕೇಳಿದ್ರು ನಿನ್ನ? ಹೌದೋ ಅಲ್ವೋ ಅಷ್ಟು ಹೇಳು.

...ಹೌದಾ. ಹಾಗಾದ್ರೆ ಗುಬ್ಬಿ ಹೇಳಿದ್ದು ಸುಳ್ಳಾ?

...ಹಲೋ? ಇದೀಯಾ?

...ಹಾಂ, ಎಲ್ಲಾ ಹೇಳಿದ್ಲು. ...ಇಲ್ಲ ಕಣೋ, ಹೊಡೆದು ಬಡಿದು ಬಾಯಿ ಬಿಡಿಸ್ಲಿಲ್ಲ. ಬೆಳಿಗ್ಗೆ ಡಾಕ್ಟರಮ್ಮ ಸ್ಕ್ಯಾನಿನ ಚಿತ್ರ ತೋರಿಸ್ತಿದ್ರು. ಲಿವರಿನ ಒಂದು ಮೂಲೇಲಿ ದುಂಡಗೆ, ದಪ್ಪ ನಿಂಬೆಹಣ್ಣಿನ ಹಾಗೆ. 'ಇದು ನೀರು ತುಂಬಿರೋ ಗುಳ್ಳೆ ಪುಟ್ಟಾ, ತೆಗೆದುಬಿಡ್ತೀವಿ' ಅಂದ್ರು. ಇವಳು ಕಣ್ಣರಳಿಸಿ, 'ನಂಗೊತ್ತು, ಮಾಮ ನಮ್ಮ ನಾಯಿ ಬೊಗಳೇಶನಿಗೆ ಹಾಕೋದೂ ಇಂಥದ್ದೇ, ಅವನು ಕಚ್ಚಿದ್ರೆ ಟಪ್ ಅನ್ನುತ್ತೆ' ಅಂದ್ಲು. ಅಂದೋಳೇ ಎರಡೂ ಕೈಲಿ ಬಾಯಿ ಮುಚ್ಕೊಂಡ್ಲು. ಅಮ್ಮನಿಗೆ ಹೇಳ್ಬಾರ್ದು ಅಂದಿದ್ಯಂತೆ. ಅದು ನಿಮ್ಮಿಬ್ಬರ ಗುಟ್ಟಂತೆ. ನಾನು ಹೆತ್ತ ಮಗಳ ಬಾಯಿಗೆ ನನ್ನೆದುರೇ ಬೀಗ ಹಾಕಿಟ್ಟಿದ್ಯಲ್ಲೋ!

...ಮತ್ತೆ ಕೆಮ್ಮು.

...ಹಾಂ, ನೆಲ ಕಲ್ಲಿನ ಹಾಗಿದೆ, ಗುದ್ದಲಿ ಇಳಿಯಲ್ಲ, ಸೊಂಟ ಹಿಡ್ಕೊಳುತ್ತೆ. ಒಪ್ಕೊಂಡೆ. ನಂಗೆ ಹೇಳ್ಬಹುದಿತ್ತಲ್ಲ? ನಾನೇ ತೋಡ್ತಿದ್ದೆ. ಚೆನ್ನಾಗಿ ಬೇಯಿಸಿಯಾದ್ರೂ ಹಾಕಿ ಅಂದಿದ್ರು ದನದ ಡಾಕ್ಟ್ರು. ಮನೇಲಿ ಒಲೆ ಇರ್ಲಿಲ್ವಾ?

...ನಾಯಿ ಆಸೆಯಿಂದ ನೋಡ್ತಿತ್ತಾ? ಅದು ನನ್ನ ಚಪ್ಪಲೀನೂ ಆಸೆಯಿಂದಾನೇ ನೋಡುತ್ತೆ. ಈಗ ಅರ್ಥ ಆಯ್ತು ಬಿಡು, ಅನ್ನ ಹಾಕೋರು ನಾವು, ಅದು ಬಾಲ ಅಲ್ಲಾಡಿಸೋದು ಮಾತ್ರ ನಿನ್ನ ಮುಂದೆ.

...ಗೊತ್ತಿರ್ಲಿಲ್ಲ ಅನ್ಬೇಡ, ನಂಗೆ ಮೈಯೆಲ್ಲ ಉರಿಯುತ್ತೆ. ದನದ ಡಾಕ್ಟ್ರು ನಮ್ಮ ಅಂಗಡಿ ಮೆಟ್ಟಿಲ ಮೇಲೆ ಕೂತು ಮಗ್ಗಿ ಹೇಳ್ಕೊಟ್ಟ ಹಾಗೆ ಹೇಳ್ಕೊಟ್ರು. ಗುಳ್ಳೇಲಿರೋದು ಬರೀ ನೀರಲ್ಲ, ಅದರ ತುಂಬ ಲಾಡಿಹುಳದ ಮರಿಗಳು. ನಾಯಿ ಹಸೀದು ತಿಂದ್ರೆ ಅವು ಅದರ ಕರುಳಿಗೆ ಕಚ್ಕೊಂಡು ದೊಡ್ಡ ಹುಳ ಆಗ್ತಾವೆ. ಮೊಟ್ಟೆಗಳು ನಾಯಿ ಹೇಲಲ್ಲಿ ಹೊರಗೆ ಬರ್ತಾವೆ, ಹುಲ್ಲಿಗೆ ಅಂಟ್ತಾವೆ, ಕುರಿ ಮೇಯುತ್ತೆ, ಕುರಿ ಲಿವರಲ್ಲಿ ಮತ್ತೆ ಗುಳ್ಳೆ. ಆ ಗುಳ್ಳೆ ಮತ್ತೆ ನಾಯಿ ಬಾಯಿಗೆ. 'ಎಲ್ಲಾದ್ರೂ ಒಂದು ಕಡೆ ಇದನ್ನ ಕಡೀಬೇಕು, ನಿಮ್ಮನೇಲಿ ಕಡಿಯೋದು ಆ ಬಕೆಟ್ ಹಿಡಿಯೋರ ಕೈಲಿದೆ' ಅಂದ್ರು. ಎದೆ ತಟ್ಕೊಂಡು 'ಅದು ನಂಗೆ ಬಿಡಿ ಸಾರ್' ಅಂದೋನು ಯಾರು? ನಾನಾ?

...ಹುಳ ಕಂಡಿದ್ರೆ ಹಾಕ್ತಿರ್ಲಿಲ್ಲ ಅಂತೀಯಾ? ಎಲ್ಲಿ ಕಾಣುತ್ತೆ! ಲಾಡಿಹುಳ ಅಂದ್ರೆ ಲಾಡಿಯಷ್ಟುದ್ದ ಇರುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ಈ ಜಾತೀದು ಅಕ್ಕಿಕಾಳಿನಷ್ಟಿದ್ರೆ ಹೆಚ್ಚು. ಮೊಟ್ಟೆಯಂತೂ ಕಣ್ಣಿಗೇ ಬೀಳಲ್ಲ. ನಾಯಿ ಹಿಂದೆ ಮುಂದೆಲ್ಲ ನೆಕ್ಕಿಕೊಳ್ಳುತ್ತೆ, ಮೊಟ್ಟೆ ಕೂದಲಿಗೆ ಹತ್ಕೊಳುತ್ತೆ. ಗುಬ್ಬಿ ಅದರ ಕುತ್ತಿಗೆ ತಬ್ಬಿಕೊಂಡೇ ಬಿದ್ದಿರ್ತಾಳೆ, ಅದೇ ಕೈಲಿ ಬಿಸ್ಕತ್ತು ತಿಂತಾಳೆ. ಕುರಿ ಹೊಟ್ಟೇಲಿ ಬೆಳೆಯೋದು ನನ್ನ ಮಗಳ ಹೊಟ್ಟೇಲಿ ಬೆಳೀತು. ಒಂದೆರಡು ದಿನದ್ದಲ್ಲ ಇದು, ವರ್ಷಗಟ್ಟಲೆ ಸದ್ದಿಲ್ದೆ ಬೆಳೆದಿರುತ್ತೆ ಅಂದ್ರು.

...ಬೀದಿನಾಯಿಯಿಂದ ಬಂದಿರಬಹುದು! ನಿನ್ನೆಯ ಪಾಠಾನೇ ಒಪ್ಪಿಸ್ತಿದೀಯಲ್ಲ. ತಿಪ್ಪೆ ಸಾರಿಸ್ಬೇಡ. ನಿನ್ನೆ ಇದೇ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದೆ. ನಾಯಿಗೆ ಹಸಿ ಲಿವರ್ ಹಾಕ್ತೀರಾ ಅಂತ ಡಾಕ್ಟರಮ್ಮ ಕೇಳಿದ್ರು. 'ಇಲ್ಲಮ್ಮ, ನನ್ನ ತಮ್ಮ ಹೂಳಿಬಿಡ್ತಾನೆ' ಅಂತ ನಾನು ದೊಡ್ಡದಾಗಿ ಹೇಳಿದೆ. ನೀನು ಹೌದು ಹೌದು ಅಂತ ತಲೆ ಆಡಿಸಿದೆ. ಅಷ್ಟಕ್ಕೇ ಸುಮ್ನಿದ್ಯಾ? ಭಾವನ ಹೆಗಲ ಮೇಲೆ ಕೈ ಹಾಕಿ, 'ನೀವು ನಾಯೀನ ಬೀದಿಗೆ ಬಿಡಬಾರದಿತ್ತು ಭಾವ' ಅಂದೆ. ನಿನ್ನ ಮಾತು ಕಟ್ಕೊಂಡು ನಾನೂ ಅವರ ಮೇಲೆ ಹರಿಹಾಯ್ದೆ, ಅಷ್ಟು ಜನರ ಮುಂದೆ. ನೀನು ನನ್ನ ಸೆರಗು ಹಿಡಿದು 'ಹೋಗ್ಲಿ ಬಿಡಕ್ಕಾ' ಅಂತ ಸಮಾಧಾನ ಬೇರೆ ಮಾಡ್ದೆ!

...ಸುಳ್ಳು ಹೇಳಿದ್ದು ಹೋಗ್ಲಿ. ಹೆದರಿ ಹೇಳಿದ್ದೆ ಅಂತ್ಲೇ ಇಟ್ಕೋತೀನಿ. ಆ ಕೈನ ಅವರ ಹೆಗಲ ಮೇಲೆ ಹೇಗೆ ಇಟ್ಯೋ? ಚಾಕು ಹಿಡಿಯೋದು ಕಲಿಸಿದ ಮನುಷ್ಯ ಅವರು. 'ನಾಯಿಮರಿ ತಂದು ಸಾಕಿದ್ದೇ ನಾನು, ನನ್ನಿಂದಾನೇ ಆಯ್ತು' ಅಂತ ರಾತ್ರಿಯೆಲ್ಲ ಗೋಡೆ ನೋಡ್ತಾ ಕೂತಿದ್ರು.

...ಹಾಂ, ಹೇಳಿದೆ ಅವರಿಗೆ. ...ಏನಂತಾರೆ? ಎದ್ದು ಹೋಗಿ ಮುಖ ತೊಳ್ಕೊಂಡು ಬಂದ್ರು. ಬೈದಿದ್ರೆ ಚೆನ್ನಾಗಿತ್ತು.

...ಬೊಗಳೇಶನಿಗೇನಾಗಿದೆ, ಗುಂಡುಕಲ್ಲಿನ ಹಾಗಿದಾನೆ. ಹುಳ ಇಟ್ಕೊಂಡೂ ನಾಯಿಗೆ ಏನೂ ಆಗಲ್ವಂತೆ. ದನದ ಡಾಕ್ಟ್ರು ಮಾತ್ರೆ ಕೊಟ್ಟು ಕಟ್ಟಿಹಾಕಿಸಿದಾರೆ. ನಾಯಿ ಯೋಗಕ್ಷೇಮ ಮೊದ್ಲು ಕೇಳ್ತೀಯಲ್ಲಪ್ಪಾ ನೀನು! ಇನ್ನೊಂದು ಹೇಳ್ತೀನಿ, ನಿನ್ನ ಮಗನಿಗೂ ಸ್ಕ್ಯಾನ್ ಮಾಡಿಸು. ಅವನೂ ಅದರ ಬೆನ್ನು ಹತ್ತಿ ಆಡ್ತಾನೆ.

...ಶಾಪ ಹಾಕ್ತಿಲ್ವೋ ಮೂರ್ಖ! ಅವನೂ ನಮ್ಮನೆ ಕೂಸೇ. ...ಏನು? ನಿನ್ನ ಹೆಂಡ್ತಿಗೆ ಹೇಳ್ಬಾರ್ದಾ? ಇನ್ನೊಂದು ಗುಟ್ಟಾ? ಸಾಕು ಕಣೋ, ಇರೋ ಒಂದಕ್ಕೇ ನನ್ನ ಎದೆ ಒಡೆದುಹೋಗಿದೆ. ಬೇರೆ ಯಾರಾದ್ರೂ ಮಾಡಿದ್ರೆ ಬೀದೀಲಿ ನಿಂತು ಜಗಳ ಆಡ್ತಿದ್ದೆ. ನನ್ನ ಸೊಂಟದ ಮೇಲೆ ಬೆಳೆದೋನು ನೀನು, ಯಾರ ಹತ್ರ ಹೋಗಿ ಹೇಳ್ಕೊಳ್ಲಿ?

...ಅಳ್ಬೇಡ. ಈಗ ಅಳೋದು ನಿನ್ನ ಸರದಿ ಅಲ್ಲ.

...ಕೇಳು. ಬೈಯೋಕೇ ಅಂತ ಮಾಡಿದ ಫೋನಲ್ಲ ಇದು. ಗುಬ್ಬಿ ಬೆಳಿಗ್ಗೆಯಿಂದ ಏನೂ ಬಾಯಿಗಿಟ್ಟಿಲ್ಲ. ಗುಟ್ಟು ಬಿಟ್ಟುಕೊಟ್ಟೆ, ಮಾಮನಿಗೆ ನನ್ನ ಮೇಲೆ ಕೋಪ, ಅದಕ್ಕೇ ಇವತ್ತು ಬಂದಿಲ್ಲ ಅಂತ ಬಿಕ್ಕಿ ಬಿಕ್ಕಿ ಅಳ್ತಾಳೆ. ನಾನು ಹೇಳಿದ್ರೆ ನಂಬಲ್ಲ, ಅಪ್ಪ ಹೇಳಿದ್ರೂ ನಂಬಲ್ಲ, ಅವಳಿಗೆ ನಿನ್ನ ಮಾತೇ ಮಾತು. ನಾಳೆ ಆ ಗುಳ್ಳೆ ಒಡೀದ ಹಾಗೆ ತೆಗೀಬೇಕಂತೆ. ಒಳಗೇ ಒಡೆದ್ರೆ ಜೀವಕ್ಕೇ ಬರಬಹುದು ಅಂದಿದಾರೆ. ಅಂಥ ಕಡೆ ಕಳಿಸೋವಾಗ ಮಗು ಮನಸ್ಸಲ್ಲಿ ತಪ್ಪು ಮಾಡ್ದೆ ಅನ್ನೋ ಭಾರ ಇರಬಾರದು ಕಣೋ. ನಂಗೆ ಏನೂ ಹೇಳ್ಬೇಡ, ಭಾವನ ಕಾಲಿಗೂ ಬೀಳ್ಬೇಡ. ಅವಳಿಗೆ ಮಾತ್ರ ಹೇಳು. 'ತಪ್ಪು ನಂದು ಪುಟ್ಟಾ, ನಿಂದಲ್ಲ.' ಅಷ್ಟೇ.

...ಸಂಜೆ ಬೇಡ, ನಾಳೆ ಬೇಡ. ಈಗ. ...ಮುಖ ಎಲ್ಲಿ ತೋರಿಸ್ಬೇಕು, ಫೋನಲ್ಲಿ ತಾನೇ. ಇರು, ಒಳಗೆ ಹೋಗ್ತಿದೀನಿ. ಇಡಬೇಡ, ನಿನ್ನ ದಮ್ಮಯ್ಯ ಅಂತೀನಿ, ಇಡಬೇಡ.

...ಗುಬ್ಬೀ, ಏಳು ಕಂದಾ. ಕಣ್ಣೊರೆಸ್ಕೋ. ಮಾಮ ಲೈನಲ್ಲಿದಾನೆ, ನಿನ್ನ ಹತ್ರ ಏನೋ ಹೇಳ್ಬೇಕಂತೆ. ...ಇಲ್ಲಮ್ಮ, ಒಂಚೂರೂ ಕೋಪ ಇಲ್ಲ. ಹಿಡ್ಕೋ, ಹಲೋ ಅನ್ನು. ...ಇನ್ನೂ ಸ್ವಲ್ಪ ಜೋರಾಗಿ...

...ಏನಂದ? ...ಏನೂ ಕೇಳಿಸ್ತಿಲ್ವಾ? ಕೊಡಿಲ್ಲಿ. ಹಲೋ? ಹಲೋ... ಲೋ...

...ಇಲ್ಲ ಗುಬ್ಬಿ, ಸಿಗ್ನಲ್ ಇದೆ. ಫೋನೂ ಕೆಟ್ಟಿಲ್ಲ. ನಿಂಗಿನ್ನು ಯಾರೂ ಸುಳ್ಳು ಹೇಳೋದು ಬೇಡ, ನಾನೂ ಹೇಳಲ್ಲ. ನಿನ್ನ ದನಿ ಕೇಳಿದ, ಇಟ್ಬಿಟ್ಟ.